ಸಿಹಿ ಧೂಳು

"ಆ ಕೈಗೆ ಏನ್ ಬಂತ್ಲಾ, ಕತ್ತು ಮುರಿದ ಕೋಳಿ ಥರ ಜೋತಾಡ್ತದೆ? ರಾತ್ರಿ ಎಷ್ಟು ಬಟ್ಟಲು ಇಳಿಸ್ದೆ?"

ಏಣಿಯ ಬುಡದಲ್ಲಿ ನಿಂತು ಕೂಗಿದವನು ನಮ್ಮ ಕಂಟ್ರಾಕ್ಟರ್ ಜಗನಾರಾಯಣ. ಏಣಿಯ ಮೇಲಿದ್ದವನು ಸೆಮಿ. ಅವನ ಕೈಯಿಂದ ಜಾರಿದ ಬ್ರಷ್ಷು ಜಗಲಿಯ ಮೆಟ್ಟಿಲ ಮೇಲೆ ಬಿದ್ದಿತ್ತು. ಹೊಸದಾಗಿ ಪಾಲಿಷ್ ಹೊಡೆದ ಹಲಗೆಯ ಮೇಲೆ ಪ್ರೈಮರ್ ಮಜ್ಜಿಗೆ ಚೆಲ್ಲಿದ ಹಾಗೆ ಹರಡಿತ್ತು.

"ಕುಡಿದಿಲ್ಲ ಬಾಸ್. ಹೊಟ್ಟೆನೋವು ಶುರುವಾದಾಗಿಂದ ಯಂಗೋನ ಮೂಸಿ ಸಹ ನೋಡಿಲ್ಲ."

"ಬೊಗಳ್ಬೇಡ ಬೋಳಿಮಗನೆ. ಆ ಅಮಲಿನ ಬೇರಿನ ನೀರು ಇಳೀದಿದ್ರೆ ನಿಮ್ಮೋರಿಗೆ ಉಚ್ಚೆ ಕೂಡ ಬರಲ್ಲ." ಜಗನಾರಾಯಣ ನನ್ನ ಕಡೆ ತಿರುಗಿದ. "ನೀನಾದ್ರೂ ನಿಜ ಹೇಳು ಮುನ್ಸಾಮಿ. ನಮ್ಮೋನು ಅಂತ ನಿನ್ನ ಇಟ್ಕೊಂಡಿರೋದು."

"ಅವನು ಕುಡಿದಿಲ್ಲ," ಅಂದೆ.

"ಇಬ್ರೂ ಒಂದೇ ಬಟ್ಟಲಲ್ಲಿ ಮುಳುಗಿದ್ರಿ ಅನ್ನು. ಇಳೀಲಾ ಕೆಳಗೆ. ಒರೆಸು ಅದನ್ನ."

ಸೆಮಿ ಇಳಿದು ಬಟ್ಟೆಯ ಚಿಂದಿಗೆ ಕೈ ಚಾಚಿದ. ಜಗನಾರಾಯಣ ಅದನ್ನು ಕಾಲಲ್ಲಿ ಆಚೆ ಸರಿಸಿದ.

"ಅದು ನನ್ನ ದುಡ್ಡಿಂದು. ನಿನ್ ಅಂಗಿ ಬಿಚ್ಚಿ ಒರೆಸು."

ಸೆಮಿ ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು. ಭಾನುವಾರ ಪ್ರಾರ್ಥನೆಯಲ್ಲಿ ಅವನ ತಗ್ಗು ದನಿ ಎದ್ದರೆ ಕಿಟಕಿಯ ಗಾಜು ಗುಂಯ್ ಅನ್ನುತ್ತಿತ್ತು. ಅಂಥವನು ಅಂಗಿಯ ಗುಂಡಿ ಬಿಚ್ಚಲಾರದೆ ತಡಕಾಡಿದ. ಅವನ ಹೆಂಡತಿ ಲೊಸೆನಾ ಪೊರಕೆ ಬಿಟ್ಟು ಬಂದು ಗುಂಡಿ ಬಿಚ್ಚಿಕೊಟ್ಟಳು. ಅವನು ಮೊಣಕಾಲೂರಿ, ಎಡಗೈಯಲ್ಲಿ ಅಂಗಿ ಒತ್ತಿ ಒರೆಸಿದ. ಬಲಗೈ ಮಣಿಕಟ್ಟಿನಿಂದ ಕೆಳಗೆ ತೂಗುತ್ತಿತ್ತು. ಬಾಗಿಲಲ್ಲಿ ಮನೆಯೊಡತಿ ಡಾಲ್ಬಿ ಮೇಡಂ ಪುಟ್ಟ ನಾಯಿಯನ್ನು ಎದೆಗವಚಿಕೊಂಡು ನಿಂತಿದ್ದರು.

"ಕಲೆ ಉಳಿಯಬಾರದು ಜಗ್. ಅದು ಕೌರಿ ಮರ, ಈಗ ಸಿಗೋದಿಲ್ಲ," ಅಂದು ಒಳಗೆ ಹೋದರು.

ನಮ್ಮ ದ್ವೀಪದ ಊರು ಲೆವುಕಾದ ಗುಡ್ಡದ ಮೇಲಿರುವ ಆ ಮರದ ಮನೆಯನ್ನು ಊರಿನವರು ಕಪ್ತಾನನ ಮನೆ ಅನ್ನುತ್ತಾರೆ. ಯಾವ ಕಪ್ತಾನ ಅಂತ ಈಗ ಯಾರಿಗೂ ಗೊತ್ತಿಲ್ಲ. ಮೇಡಂ ಅವನ ಮೊಮ್ಮಗಳ ಮಗಳಂತೆ. ಸಿಡ್ನಿಯಿಂದ ವಾಪಸು ಬಂದು, ಹಡಗಿನಲ್ಲಿ ಬರುವ ಪ್ರವಾಸಿಗಳಿಗೆ ಮನೆಯನ್ನು ವಸತಿಗೃಹ ಮಾಡಲು ಹೊರಟಿದ್ದರು. ಹಜಾರದಲ್ಲಿ ಒಂದು ಹಳೆಯ ಫೋಟೋ ತೂಗುಹಾಕಿದ್ದರು. ಅದರಲ್ಲಿ ಮನೆ ಹಲ್ಲಿನ ಹಾಗೆ ಬಿಳಿಯಾಗಿತ್ತು. ಹಾಗೇ ಆಗಬೇಕು, ಹಳೆಯ ಬಣ್ಣವೆಲ್ಲ ಮರದವರೆಗೆ ಹೋಗಬೇಕು ಎಂದು ಅವರ ಅಪ್ಪಣೆ.

ಮೇಲೆ ಹಸಿರು. ಅದನ್ನು ಕೆರೆದರೆ ಕೆನೆಬಣ್ಣ, ಅದರಡಿ ಇಟ್ಟಿಗೆ ಕೆಂಪು. ಎಲ್ಲಕ್ಕೂ ಕೆಳಗೆ, ಮರಕ್ಕೆ ಚರ್ಮದ ಹಾಗೆ ಅಂಟಿಕೊಂಡಿದ್ದ ಗಟ್ಟಿ ಬಿಳಿ. ಚಪ್ಪಟೆ ಕಬ್ಬಿಣದ ಪಟ್ಟಿ ಹಿಡಿದು ಕೆರೆದರೆ ಬಾರದು. ಎಮರಿ ಪೇಪರ್ ಹಾಕಿ ಉಜ್ಜಬೇಕು, ಅದಕ್ಕೂ ಜಗ್ಗದಿದ್ದರೆ ಬ್ಲೋ ಲ್ಯಾಂಪಿನ ಬೆಂಕಿ ಹಿಡಿಯಬೇಕು. ಆಗ ಬಣ್ಣ ಗುಳ್ಳೆಯೆದ್ದು ಹೊಗೆ ಉಗುಳುತ್ತಿತ್ತು. ಆ ಬಿಳಿಯ ಧೂಳು ಸಿಹಿ. ನಾಲಿಗೆಯ ತುದಿಗೆ, ತುಟಿಯ ಅಂಚಿಗೆ, ಮಧ್ಯಾಹ್ನದ ಮರಗೆಣಸಿಗೆ ಎಲ್ಲದಕ್ಕೂ ಒಂದು ಸಣ್ಣ ಸಿಹಿ ಹತ್ತಿಕೊಂಡಿರುತ್ತಿತ್ತು.

"ನೋಡ್ದಾ ಭಾವ," ಸೆಮಿ ಮೊದಮೊದಲು ನನ್ನನ್ನು ರೇಗಿಸುತ್ತಿದ್ದ, "ಬಿಳಿಯರು ನಿನ್ ಮುತ್ತಾತನ್ನ ಹಡಗಲ್ಲಿ ತಂದು ಬೆನ್ನು ಮುರಿಸಿ ಕಬ್ಬು ಬೆಳೆಸಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಮನೆಗೆ ಬಳಿಯಕ್ಕೆ."

"ನೆಕ್ಕು ಚೆನ್ನಾಗಿ. ನಿನ್ ಮನೇಲಿ ಟೀ ಸಕ್ಕರೆ ಉಳೀತದೆ."

ಅವನು ನನ್ನನ್ನು ಭಾವ ಅಂತ ಕರೆಯುತ್ತಿದ್ದುದರಿಂದ ಲೊಸೆನಾಗೆ ನಾನು ಅಣ್ಣನಾದೆ. ನಮ್ಮ ತಂಡದಲ್ಲಿ ಅವಳದು ಗುಡಿಸುವ ಕೆಲಸ. ನಾವು ಉದುರಿಸಿದ್ದನ್ನು ಹಿಟ್ಟಿನ ಚೀಲಗಳಿಗೆ ತುಂಬಿ ಮನೆಯ ಹಿಂದೆ ಪೇರಿಸುತ್ತಿದ್ದಳು. ಬಹಿರ್ದೆಸೆಗೆ ಹೋಗಬೇಕಾದರೆ ಗುಡ್ಡವನ್ನೇ ಇಳಿಯಬೇಕು. ಮನೆಯೊಳಗೆ ಮೂರು ಕಕ್ಕಸುಗಳಿದ್ದವು, ಅವು ಮುಂದೆ ಬರಲಿರುವ ಅತಿಥಿಗಳಿಗೆ. ಅವಳು ಇಳಿದು ಹತ್ತಿ ಬರುವಷ್ಟರಲ್ಲಿ ಜಗನಾರಾಯಣ, "ಏನೇ, ಸಮುದ್ರ ದಾಟಿ ಸುವಾಕ್ಕೇ ಹೋಗಿ ಬಂದ್ಯಾ?" ಅನ್ನುತ್ತಿದ್ದ. ಹಾಗಾಗಿ ಅವಳು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಳು.

ಧೂಳಿಗೆ ಕೆಮ್ಮು ಹೆಚ್ಚಾದ ಒಂದು ದಿನ ಲೊಸೆನಾ ಡಬ್ಬಿಯಲ್ಲಿ ನೀರು ತಂದು ಗೋಡೆಗೆ ಚಿಮುಕಿಸಿದಳು. ಧೂಳು ಅಡಗಿತು. ಮೇಡಂ ಕಿಟಕಿಯಿಂದ ನೋಡಿ ಓಡಿ ಬಂದರು.

"ಯಾರು ನೀರು ಹಾಕಿದ್ದು? ಮರ ಉಬ್ಬುತ್ತೆ. ಒಣಗಿದ್ದಾಗಲೇ ಕೆರೆಯಬೇಕು, ಅದು ಎಲ್ಲರಿಗೂ ಗೊತ್ತಿರೋ ವಿಷಯ."

"ಧೂಳು ಗಂಟಲಿಗೆ ಕೂರ್ತದೆ ಮೇಡಂ," ಅಂದಳು ಲೊಸೆನಾ.

"ಕರವಸ್ತ್ರ ಕಟ್ಟಿಕೊಳ್ಳಿ. ಬಣ್ಣ ತಾನೇ, ಸಿಮೆಂಟ್ ಅಲ್ಲವಲ್ಲ."

ಅವರು ಅತ್ತ ಹೋದ ಮೇಲೆ ಸೆಮಿ ಆಕಾಶ ನೋಡಿದ. ನಮ್ಮ ಲೆವುಕಾದಲ್ಲಿ ಮಳೆ ಬಾರದ ವಾರವೇ ಇಲ್ಲ. "ಮಳೆರಾಯಂಗೂ ಯಾರಾದ್ರೂ ಹೇಳ್ರಪ್ಪ," ಅಂದ. "ನೂರು ವರ್ಷದಿಂದ ಮರ ಉಬ್ಬಿಸ್ತಾ ಕೂತವ್ನೆ."

ಜಗನಾರಾಯಣನದು ಬೇರೆಯೇ ಶಾಸ್ತ್ರ. ಬೆಂಕಿ ತಾಗಿದರೆ ಬಣ್ಣದ ಕೆಡುಕೆಲ್ಲ ಸುಟ್ಟು ಹೋಗುತ್ತದೆ. ಹೊಗೆಯ ವಾಸನೆ ಹೋಯಿತು ಅಂದರೆ ಅಪಾಯವೂ ಹೋಯಿತು. ಉಳಿದದ್ದೇನಾದರೂ ಇದ್ದರೆ ಹಾಲು ತೊಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಅವನು ಬಕೆಟ್ಟಿನಲ್ಲಿ ಹಾಲಿನ ಪುಡಿ ಕದಡಿ ನಮಗೆ ಒಂದೊಂದು ಲೋಟ ಕೊಡುತ್ತಿದ್ದ. ಮಗಳ ಮದುವೆಯಲ್ಲಿ ಬಡಿಸುವವನ ಮುಖ ಮಾಡಿಕೊಂಡು ಕೊಡುತ್ತಿದ್ದ.

"ಬೇರೆ ಕಂಟ್ರಾಕ್ಟರ್ ಯಾವನಾದ್ರೂ ಕೊಡ್ತಾನಾ? ಕುಡೀರಿ, ಎದೆಯೊಳಗೆ ಹೋದ ಬಣ್ಣ ಎಲ್ಲ ಇಳ್ಕೊಂಡ್ ಹೋಗ್ತದೆ."

ಲೊಸೆನಾ ಲೋಟ ಚಾಚಿದರೆ, "ನೀನೇನು ಕೆರೀತೀಯಾ? ಗುಡಿಸೋಳಿಗೆ ಯಾಕೆ ಹಾಲು?" ಅನ್ನುತ್ತಿದ್ದ. ಸೆಮಿ ತನ್ನದರಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದ. ನಾವು ಅದನ್ನು ನಂಬಿದ್ದೆವು. ಅವನಿಗೆ ಹಾಲು ಕಡಿಮೆಯಾಯಿತು ಅಂತ ನಾನು ಒಂದೆರಡು ಸಲ ನನ್ನದರಲ್ಲೂ ಕೊಟ್ಟಿದ್ದೆ.

ಮೊದಲು ಸೆಮಿಯ ಹೊಟ್ಟೆ ಕಟ್ಟಿತು. ಆಮೇಲೆ ನೋವು, ಕರುಳನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುವ ನೋವು. ಏಣಿಯ ಮೇಲಿದ್ದವನು ಹಾಗೇ ಗೋಡೆಗೆ ಹಣೆ ಒತ್ತಿ ನಿಂತುಬಿಡುತ್ತಿದ್ದ. ಅವನ ಚಿಕ್ಕಮ್ಮ ಎಲೆಯ ಕಷಾಯ ಕುಡಿಸಿದಳು. ಪಾದ್ರಿ ಮನೆಗೆ ಬಂದು, ಯಂಗೋನದ ಬಟ್ಟಲಿನ ಮುಂದೆ ಕಳೆದ ರಾತ್ರಿಗಳಿಗೆ ದೇವರು ಲೆಕ್ಕ ಕೇಳುತ್ತಾನೆ ಅಂತ ಹೇಳಿ, ಒಂದು ತಟ್ಟೆ ಟಾರೋ ಗಡ್ಡೆ ತಿಂದು ಹೋದರು. ಸೆಮಿಯ ಹಾಡು ನಿಂತಿತು. ರೇಗಿಸುವುದೂ ನಿಂತಿತು. ಒಂದು ಸಲ ನಾನೇ, "ಯಾಕೋ ಭಾವ, ನನ್ನ ಮುತ್ತಾತನ್ನ ಮರೆತುಬಿಟ್ಟಾ?" ಅಂತ ಕೆಣಕಿದರೆ ನನ್ನನ್ನೇ ಗುರುತು ಹತ್ತದವನ ಹಾಗೆ ನೋಡಿದ.

ಅಂಗಿಯಲ್ಲಿ ಮೆಟ್ಟಿಲು ಒರೆಸಿದ ದಿನ ಮಧ್ಯಾಹ್ನ ದೀವಿಹಲಸಿನ ಮರದ ಕೆಳಗೆ ಊಟಕ್ಕೆ ಕೂತೆವು. ಡಬ್ಬಿ ಮೀನಿಗೆ ಕೈ ಹಾಕಿದರೆ ಅವನ ಬೆರಳು ಮೇಲೇಳಲಿಲ್ಲ. ಲೊಸೆನಾ ಮೀನಿನ ಚೂರನ್ನು ಮರಗೆಣಸಿನ ಜೊತೆ ಹಿಸುಕಿ ಅವನ ಬಾಯಿಗಿಟ್ಟಳು. ಅವನು ಅಗಿದು ನುಂಗಿದ. ಎರಡನೇ ತುತ್ತಿಗೆ ಮುಖ ತಿರುಗಿಸಿದ.

"ಎಲ್ರೂ ನೋಡ್ತಾವ್ರೆ," ಅಂದ.

"ನೋಡ್ಲಿ. ಅವರಪ್ಪನ ಗಂಟೇನ್ ಹೋಗ್ತದೆ? ಬಾಯಿ ತಗಿ."

ಅಂದೇ ಅವಳು ಗಂಡನನ್ನು ಊರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ನಾನೂ ಪಟ್ಟಿ ಎಸೆದು ಹಿಂದೆಯೇ ಇಳಿದೆ. ಜಗನಾರಾಯಣ ಮೇಲಿನಿಂದ ಕೂಗುತ್ತಿದ್ದುದು ಅರ್ಧ ದಾರಿಯವರೆಗೂ ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಅಕಾನಿಸಿ ಎಂಬ ನರ್ಸು ಇದ್ದಳು. ಸಾಲಿನಲ್ಲಿದ್ದವರು ಸೆಮಿಯನ್ನು ನೋಡಿ, "ಯಂಗೋನ ಜಾಸ್ತಿಯಾಗಿದೆ" ಅಂತ ನಕ್ಕರು. ಅವಳು ನಗಲಿಲ್ಲ. ಎರಡೂ ತೋಳು ಮುಂದೆ ಚಾಚು ಅಂದಳು. ಅವನು ಚಾಚಿದ. ಎಡಗೈ ಸ್ವಲ್ಪ ಹೊತ್ತು ನಿಂತು ಇಳಿಯಿತು. ಬಲಗೈ ನಿಲ್ಲಲೇ ಇಲ್ಲ.

"ಏನ್ ಕೆಲ್ಸ ಮಾಡ್ತೀಯಣ್ಣ?"

"ಬಣ್ಣ ಬಳಿಯೋದು. ಕಪ್ತಾನನ ಮನೆ."

"ಬಳಿಯೋದಾ, ಕೆರೆಯೋದಾ?"

ಲೊಸೆನಾ ಎಲ್ಲವನ್ನೂ ಹೇಳಿದಳು. ಬ್ಲೋ ಲ್ಯಾಂಪ್ ಅಂದಾಗ ನರ್ಸಿನ ಕೈ ನಿಂತಿತು. ಹಾಲಿನ ವಿಷಯ ಬಂದಾಗ ಪೆನ್ನನ್ನೇ ಕೆಳಗಿಟ್ಟಳು.

"ಹಾಲು ಏನೂ ತೊಳೆಯಲ್ಲ ಅಕ್ಕ. ಹಳೇ ಬಣ್ಣದಲ್ಲಿ ಸೀಸ ಇರ್ತದೆ. ಒಣಗಿದ್ದನ್ನ ಉಜ್ಜಿದ್ರೆ ಧೂಳಾಗಿ ಒಳಗೆ ಹೋಗ್ತದೆ, ಸುಟ್ರೆ ಹೊಗೆಯಾಗಿ ಹೋಗ್ತದೆ. ಒಳಗೆ ಹೋದ್ದು ರಕ್ತಕ್ಕೆ, ಮೂಳೆಗೆ. ಕರವಸ್ತ್ರ ಕಟ್ಟಿದ್ರೆ ನಿಲ್ಲಲ್ಲ ಅದು. ಇವರನ್ನ ಸುವಾದ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ, ಡಾಕ್ಟರಿಗೆ ಈಗಲೇ ಹೇಳ್ತೀನಿ." ಆಮೇಲೆ ನಮ್ಮಿಬ್ಬರನ್ನೂ ನೋಡಿದಳು. "ನಿಮ್ಮ ರಕ್ತಾನೂ ತಗೋಬೇಕು. ಗುಡಿಸಿದೋರು ನೀವೇ ತಾನೇ?"

"ನಾನು ಬರೀ ಗುಡಿಸ್ದೋಳು," ಅಂದಳು ಲೊಸೆನಾ.

"ಅದಕ್ಕೇ ಅಕ್ಕ ಕೇಳಿದ್ದು."

ಮರುದಿನದ ದೋಣಿಯಲ್ಲಿ ಅವನನ್ನು ಸುವಾಕ್ಕೆ ಕಳಿಸಿದರು. ಜೊತೆಗೆ ಅವನ ಚಿಕ್ಕಮ್ಮ ಹೋದಳು. ಲೊಸೆನಾ ಯಾಕೆ ಹೋಗಲಿಲ್ಲ ಅಂತ ಊರೆಲ್ಲ ಕೇಳಿತು. ನನಗೂ ಆಗ ಗೊತ್ತಿರಲಿಲ್ಲ. ವಾರ ಕಳೆದು ಸುವಾದಿಂದ ಸುದ್ದಿ ಬಂತು. ರಕ್ತದ ತುಂಬ ಸೀಸ. ಔಷಧಿ ಶುರು ಮಾಡಿದ್ದಾರೆ. ಕೈ ಬರಬಹುದು, ಬಾರದೇ ಇರಬಹುದು, ಈಗಲೇ ಹೇಳಲು ಆಗುವುದಿಲ್ಲ. ಸುದ್ದಿ ಕೇಳಿ ಅವಳು ಸೀರೆಯ ಹಾಗೆ ಸುತ್ತಿಕೊಂಡ ಉದ್ದ ಬಟ್ಟೆಯನ್ನು ಬಿಗಿ ಮಾಡಿ ಎದ್ದು ನಿಂತಳು.

"ಬರ್ತೀಯಾ ಅಣ್ಣ?"

"ಎಲ್ಲಿಗೆ?"

"ಮೇಲಕ್ಕೆ."

ಜಗಲಿಯಲ್ಲಿ ಮೇಡಂ, ಜಗನಾರಾಯಣ ಇಬ್ಬರೂ ಟೀ ಕುಡಿಯುತ್ತ ಬಿಳಿ ಬಣ್ಣದ ಮಾದರಿಗಳನ್ನು ನೋಡುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸವೋ ನನಗೆ ಕಾಣಲಿಲ್ಲ. ನಾಯಿ ಮೇಡಂ ತೊಡೆಯ ಮೇಲಿತ್ತು. ಲೊಸೆನಾ ಮನೆಯ ಹಿಂದಕ್ಕೆ ಹೋಗಿ, ಪೇರಿಸಿಟ್ಟಿದ್ದ ಹಿಟ್ಟಿನ ಚೀಲಗಳಲ್ಲಿ ಒಂದನ್ನು ಹೆಗಲಿಗೇರಿಸಿಕೊಂಡು ಬಂದು ಜಗಲಿಯ ಮೇಲೆ ಇಳಿಸಿದಳು.

"ಇದೇನೇ ಇದು?" ಅಂದ ಜಗನಾರಾಯಣ. "ಗಂಡ ಓಡಿಹೋದ, ನೀನು ಕಸ ತಂದು ಹಾಕ್ತೀಯಾ?"

"ಓಡಿಹೋಗಿಲ್ಲ. ಸುವಾದಲ್ಲಿ ಮಲಗವ್ನೆ. ಮೈಯೆಲ್ಲ ಸೀಸ ಅಂತೆ. ಈ ಮನೇದು."

ಜಗನಾರಾಯಣ ಮೇಡಂ ಮುಖ ನೋಡಿದ. ಮೇಡಂ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

"ನನಗೆ ನಿಜವಾಗಿಯೂ ಬೇಜಾರಾಗ್ತಿದೆ. ಆದರೆ ನಾನು ಈ ಮನೆಯಲ್ಲೇ ಹುಟ್ಟಿದ್ದು. ಇದೇ ಗೋಡೆಗೆ ಒರಗಿ ಆಡಿದೋಳು. ನನಗೇನಾಗಿದೆ ಹೇಳು?"

"ಗೋಡೆ ಮೇಲೆ ಕೂತಿದ್ದಾಗ ಆ ಬಣ್ಣ ಸುಮ್ನಿತ್ತು ಮೇಡಂ," ಅಂದೆ ನಾನು. "ಕೆರೆಸಿದ್ದು ನೀವು. ನೀರು ಬೇಡ ಅಂದಿದ್ದೂ ನೀವೇ."

"ನೀನ್ ಬಾಯ್ ಮುಚ್ಲಾ ಮುನ್ಸಾಮಿ." ಜಗನಾರಾಯಣ ಎದ್ದು ನಿಂತ. "ದಿನಾ ಹಾಲು ಕೊಟ್ಟಿದ್ದೀನಿ ಮೇಡಂ, ಕೇಳಿ ಬೇಕಾದ್ರೆ. ಅದು ಕುಡಿದ್ರೆ ಯಾವ ಬಣ್ಣಾನೂ ಏನೂ ಮಾಡಲ್ಲ. ನಮ್ಮಪ್ಪನ ಕಾಲದಿಂದ ಮಾಡ್ಕೊಂಡ್ ಬಂದಿರೋದು. ಇವನ ಹೊಟ್ಟೆ ಹಾಳಾಗಿರೋದು ಯಂಗೋನದಿಂದ."

ಲೊಸೆನಾ ಚೀಲದ ಬಾಯಿ ಬಿಚ್ಚಿದಳು. ಒಂದು ಹಿಡಿ ಪುಡಿ ತೆಗೆದು ಅವನ ಖಾಲಿ ಕಪ್ಪಿಗೆ ಸುರಿದಳು. ಮೇಜಿನ ಮೇಲಿದ್ದ ಹಾಲಿನ ಪಾತ್ರೆ ಎತ್ತಿ ಅದರ ಮೇಲೆ ಹಾಲು ಹಾಕಿ, ಬೆಳ್ಳಿಯ ಪುಟ್ಟ ಚಮಚದಿಂದ ತಿರುಗಿಸಿದಳು. ಆತುರವಿಲ್ಲದೆ, ಮನೆಗೆ ಬಂದವರಿಗೆ ಟೀ ಮಾಡಿಕೊಡುವ ಹಾಗೆ.

"ತಗೋ ಬಾಸ್. ಕುಡಿ."

"ತಲೆ ಕೆಟ್ಟದಾ ನಿಂಗೆ?"

"ಹಾಲದೆ ಅದ್ರಲ್ಲಿ. ಏನೂ ಮಾಡಲ್ಲ ಅಂದ್ಯಲ್ಲ. ನನ್ ಗಂಡ ಮರಗೆಣಸಿನ ಜೊತೆ ದಿನಾ ತಿಂದ. ನೀನ್ ಒಂದು ಗುಟುಕು ಕುಡಿ ಸಾಕು. ನಾನ್ ಸುಮ್ಕೆ ಎದ್ದು ಹೋಯ್ತೀನಿ."

ಅವಳು ಕಪ್ಪನ್ನು ಅವನ ಬಾಯಿಯ ಹತ್ತಿರಕ್ಕೆ ಹಿಡಿದಳು. ಅವನು ತಳ್ಳಿದ. ಕಪ್ಪು ಬಿದ್ದು ಒಡೆದು, ಬೂದುಬಣ್ಣದ ಹಾಲು ಹಲಗೆಯ ಮೇಲೆ ಹರಿಯಿತು. ನಾಯಿ ಮೇಡಂ ತೊಡೆಯಿಂದ ಜಿಗಿದು ನೆಕ್ಕಲು ಮೂತಿ ಇಟ್ಟಿತು.

ಮೇಡಂ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ನಾಯಿಯನ್ನು ಕತ್ತಿನ ಪಟ್ಟಿ ಹಿಡಿದು ಎಳೆದು, ಅದರ ಬಾಯೊಳಗೆ ಬೆರಳು ಹಾಕಿ ಒರೆಸಿ, ತಮ್ಮ ಬಿಳಿ ಲಂಗದಿಂದ ನಾಲಿಗೆಯನ್ನೂ ಒರೆಸಿದರು. "ನೀರು ತನ್ನಿ, ನೀರು ತನ್ನಿ, ಅದು ವಿಷ," ಅನ್ನುತ್ತಿದ್ದರು.

ಯಾರೂ ಅಲುಗಾಡಲಿಲ್ಲ. ತಾವು ಏನು ಹೇಳಿದೆವು ಅನ್ನುವುದು ಮೇಡಂಗೆ ಆಮೇಲೆ ತಿಳಿಯಿತು ಅಂತ ಕಾಣುತ್ತದೆ. ಅವರ ಕುತ್ತಿಗೆ ಕೆಂಪಾಯಿತು.

"ಗೊತ್ತಿತ್ತು ಇವ್ಳಿಗೆ," ಲೊಸೆನಾ ನನಗೆ ಮಾತ್ರ ಹೇಳುವವಳ ಹಾಗೆ ಹೇಳಿದಳು. "ಎಲ್ಲಾ ಗೊತ್ತಿತ್ತು ಅಣ್ಣ."

"ನನ್ನ ಜಾಗದಿಂದ ಹೊರಗೆ ಹೋಗಿ," ಅಂದರು ಮೇಡಂ. ಜಗನಾರಾಯಣ ಬಾಯಿಗೆ ಬಂದದ್ದೆಲ್ಲ ಅಂದ. ಸೂಳೆ ಅಂದ. ಈ ದ್ವೀಪದಲ್ಲಿ ಇನ್ನು ನಮ್ಮಿಬ್ಬರಿಗೂ ಒಂದು ಬ್ರಷ್ಷು ಕೂಡ ಸಿಗುವುದಿಲ್ಲ ಅಂದ. ಅದು ಮಾತ್ರ ನಿಜವಾಯಿತು. ಆ ವಾರ ನಾನು ಕೇಳಿದ ಕಡೆಯಲ್ಲೆಲ್ಲ, ಗಲಾಟೆಯವನು ಅಂತ ಹಿಂದಕ್ಕೆ ಕಳಿಸಿದರು. ಪೊಲೀಸರಿಗೆ ಹೇಳಿದೆವು. ಅವರು ಕಪ್ಪು ಒಡೆದವರು ಯಾರು ಅಂತ ಕೇಳಿದರು. ಕಾರ್ಮಿಕರ ಕಚೇರಿಗೆ ಹೇಳಿದರೆ, ಸಾಹೇಬರು ಸುವಾದಿಂದ ಬರಬೇಕು, ಬಂದಾಗ ನೋಡೋಣ ಅಂದರು.

ಅಷ್ಟರಲ್ಲಿ ಜಗನಾರಾಯಣ ವನುವಾ ಲೆವು ದ್ವೀಪದ ಕಡೆಯಿಂದ ಹೊಸ ಆಳುಗಳನ್ನು ತರಿಸುತ್ತಿದ್ದಾನೆ ಎಂದು ಸುದ್ದಿಯಾಯಿತು. ಮನೆಯ ಹಿಂಬದಿಯ ಗೋಡೆಗಳು, ಒಳಗಿನ ಕೋಣೆಗಳು ಇನ್ನೂ ಕೆರೆಯದೆ ಉಳಿದಿದ್ದವು. ಒಳಗಿನ ಕೋಣೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಸುಡಬೇಕು, ಗಾಳಿ ಬಂದರೆ ಲ್ಯಾಂಪಿನ ಜ್ವಾಲೆ ನಿಲ್ಲುವುದಿಲ್ಲ.

ದೋಣಿ ಬರುವ ಬೆಳಿಗ್ಗೆ ಲೊಸೆನಾ ಕಪ್ತಾನನ ಮನೆಗೆ ಹತ್ತುವ ಗುಡ್ಡದ ಮೆಟ್ಟಿಲುಗಳ ನಡುವೆ ಹೋಗಿ ಕೂತಳು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಕೊರಕಲು. ಅವಳ ಪಕ್ಕದಲ್ಲಿ ನಾನು ಕೂತೆ. ಅಲ್ಲಿಗೆ ಮೆಟ್ಟಿಲು ತುಂಬಿತು.

ಅವರು ಎಂಟು ಹತ್ತು ಜನ ಇದ್ದರು. ಬಕೆಟ್ಟು, ಪಟ್ಟಿ, ಸುತ್ತಿದ ಚಾಪೆ, ದೋಣಿಯಲ್ಲಿ ನಿದ್ದೆಗೆಟ್ಟ ಕಣ್ಣು. ಮುಂದಿದ್ದ ನರೆಗೂದಲಿನವನ ಹೆಸರು ಎರೋನಿ ಅಂತ ಆಮೇಲೆ ತಿಳಿಯಿತು. ಜಗನಾರಾಯಣ ಅವನ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ.

ಎರೋನಿ ನಮ್ಮನ್ನು ನೋಡಿ ನಿಂತ. ಕುಳಿತವರನ್ನು ನಮ್ಮ ದ್ವೀಪಗಳಲ್ಲಿ ಯಾರೂ ದಾಟುವುದಿಲ್ಲ, ಅದು ದೊಡ್ಡ ಅವಮಾನ. ಬೆನ್ನು ಬಾಗಿಸಿ, ಕ್ಷಮಿಸಿ ಅಂತ ಹೇಳಿಕೊಂಡು ಪಕ್ಕದಿಂದ ಸರಿದು ಹೋಗಬೇಕು. ಪಕ್ಕ ಅನ್ನುವುದು ಅಲ್ಲಿ ಇರಲಿಲ್ಲ.

"ಸ್ವಲ್ಪ ಜಾಗ ಬಿಡು ಅಕ್ಕ," ಅಂದ.

"ಇಲ್ಲ."

"ನಾವು ದೂರದಿಂದ ಬಂದೋರು. ನಮಗೂ ಹೊಟ್ಟೆ ಅದೆ."

"ಗೊತ್ತು. ನನ್ ಗಂಡನಿಗೂ ಇತ್ತು." ಅವಳು ಏಳಲಿಲ್ಲ. ದನಿಯನ್ನೂ ಏರಿಸಲಿಲ್ಲ. ಕಪ್ತಾನನ ಮನೆಯಲ್ಲಿ ಏನಾಯಿತು ಅನ್ನುವುದನ್ನು ಮೊದಲಿಂದ ಹೇಳಿದಳು. ಧೂಳು ಸಿಹಿ ಇರುತ್ತದೆ ಅಂದಳು. ನರ್ಸು ಹೇಳಿದ್ದನ್ನು ಹೇಳಿದಳು. "ನಿಮ್ಮನ್ನ ನಾನ್ ತಡೆಯಲ್ಲ. ಹೋಗಲೇಬೇಕು ಅಂದ್ರೆ ನನ್ನ ದಾಟ್ಕೊಂಡ್ ಹೋಗಿ. ನನ್ನ ರಕ್ತದ್ದೂ ಈ ಅಣ್ಣನ ರಕ್ತದ್ದೂ ಇನ್ನೂ ಸುದ್ದಿ ಬಂದಿಲ್ಲ. ನನಗೆ ತಿಂಗಳು ತಪ್ಪಿತ್ತು. ಮೊನ್ನೆ ಇಳಿದೋಯ್ತು."

ಬಸುರಿ ಅಂತ ಗೊತ್ತಿದ್ದೇ, ಅಲೆಗೆ ಹೆದರಿ ಅವಳು ಅಂದು ದೋಣಿ ಹತ್ತದೆ ಉಳಿದಿದ್ದಳು ಅಂತ ನನಗೆ ಆಗ ತಿಳಿಯಿತು. ಅವಳ ಮುಖ ನೋಡಲು ಧೈರ್ಯವಾಗದೆ ಕೆಳಗೆ ಸಮುದ್ರದ ಕಡೆ ನೋಡಿದೆ.

"ಏನ್ ಕತೆ ಕೇಳ್ತಾ ನಿಂತ್ರಿ?" ಜಗನಾರಾಯಣ ಗುಂಪನ್ನು ತಳ್ಳಿಕೊಂಡು ಮುಂದೆ ಬಂದ. "ಕುಡುಕನ ಹೆಂಡ್ತಿ ಇವ್ಳು. ಬನ್ನಿ ನನ್ ಹಿಂದೆ."

ಅವನು ಪ್ಯಾಂಟಿನ ಕಾಲು ಎತ್ತಿ ಹಿಡಿದು ಲೊಸೆನಾಳ ಭುಜದ ಮೇಲಿಂದ ಕಾಲು ಹಾಕಿ ದಾಟಿದ. ಚಪ್ಪಲಿಯ ಮಣ್ಣು ಅವಳ ಕೂದಲಿಗೆ ಹತ್ತಿತು. ಹಿಂದೆ ನಿಂತಿದ್ದವರ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು. ಯಾರೋ ಒಬ್ಬ ಟೋಪಿ ತೆಗೆದ. ಲೊಸೆನಾ ಕೂದಲನ್ನು ಮುಟ್ಟಿಕೊಳ್ಳಲಿಲ್ಲ.

ಈಗ ಅವನು ಒಬ್ಬನೇ ಮೇಲೆ, ಅವರೆಲ್ಲ ಕೆಳಗೆ.

"ಬರ್ರೋ," ಅಂದ ಜಗನಾರಾಯಣ.

ಒಬ್ಬರೂ ಕಾಲೆತ್ತಲಿಲ್ಲ. ಅವನು ಇನ್ನೂ ಎರಡು ಸಲ ಕರೆದ. ಬೈದ. ದೋಣಿಯ ಚಾರ್ಜು ತಾನೇ ಕೊಟ್ಟದ್ದನ್ನು ನೆನಪಿಸಿದ. ಆಮೇಲೆ ಅವನ ದನಿ ಮೆತ್ತಗಾಯಿತು. "ಸರಿ, ಮೆಟ್ಟಿಲು ಬೇಡ. ಗುಡ್ಡದ ಹಿಂದೆ ವ್ಯಾನು ಹೋಗೋ ರಸ್ತೆ ಅದೆ. ಸುತ್ತು ಹಾಕ್ಕೊಂಡ್ ಬನ್ನಿ. ಯಾರನ್ನೂ ದಾಟೋದು ಬೇಡ."

ಎರೋನಿ ತಲೆ ತಿರುಗಿಸಿ ಆ ರಸ್ತೆಯನ್ನು ನೋಡಿದ. ಅವನ ಜೊತೆಯವರು ಅವನನ್ನು ನೋಡಿದರು. ಲೊಸೆನಾ ಯಾರನ್ನೂ ನೋಡಲಿಲ್ಲ. ಅವನು ಬಕೆಟ್ಟನ್ನು ಮೆಟ್ಟಿಲ ಮೇಲೆ ಇಟ್ಟ. ನಮ್ಮ ಜೊತೆ ಕೂರಲಿಕ್ಕೋ, ಕೈ ಬದಲಿಸಿಕೊಂಡು ನಡೆಯಲಿಕ್ಕೋ, ಇನ್ನೂ ತಿಳಿಯುವಂತಿರಲಿಲ್ಲ.